ಎಣಿಸಿದ್ದು ಒಂದು, ಬಡಿಸಿದ್ದು ಇನ್ನೊಂದು

2024ರ ಡಿಸೆಂಬರ್ 25ರಂದು ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ಪೊಲೀಸರು ಒಬ್ಬ ವಿದ್ಯಾರ್ಥಿಯನ್ನು ವಶಕ್ಕೆ ತೆಗೆದುಕೊಂಡರು. ಆಗ ಆ ದೇಶದಲ್ಲಿ ನಡೆಯುತ್ತಿದ್ದ ಪ್ರತಿಭಟನೆಗಳಲ್ಲಿ ಅವನೂ ಇದ್ದ. ಅವನ ಕೈಯಲ್ಲಿದ್ದದ್ದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ32, ನಮ್ಮೂರಿನ ಮೊಬೈಲ್ ಅಂಗಡಿಗಳಲ್ಲೂ ಮಾರಾಟವಾದ ಸಾಧಾರಣ ಫೋನ್. ಅದಕ್ಕೆ ಲಾಕ್ ಇತ್ತು. ಆದರೂ ಅದನ್ನು ಯಾರೋ ತೆರೆದಿದ್ದರು.

ಫೋನ್ ಮರಳಿ ಸಿಕ್ಕ ಮೇಲೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ತಂತ್ರಜ್ಞರು ಅದರ ಲಾಗ್‌ಗಳನ್ನು ಬಗೆದು ನೋಡಿದರು. ಅಲ್ಲಿ ಕಂಡ ಸಾಲುಗಳು ವಿಚಿತ್ರವಾಗಿದ್ದವು. ಫೋನಿನ ಯುಎಸ್‌ಬಿ ಕಿಂಡಿಗೆ ಒಂದು ವೆಬ್‌ಕ್ಯಾಮ್ ಜೋಡಿಸಿದ ದಾಖಲೆ ಇತ್ತು. ಜೊತೆಗೆ ಹಳೆಯ ಕಾಲದ ಒಂದು ಸೌಂಡ್ ಕಾರ್ಡ್, ಒಂದು ಟಚ್‌ಪ್ಯಾಡ್. ಇದಾವುದೂ ನಿಜವಾದ ಸಾಧನವಲ್ಲ. ಇಸ್ರೇಲಿನ ಸೆಲೆಬ್ರೈಟ್ ಕಂಪನಿ ಪೊಲೀಸ್ ಇಲಾಖೆಗಳಿಗೆ ಮಾರುವ ಉಪಕರಣವೇ ಹಗಲುವೇಷದವರಂತೆ ವೇಷ ಬದಲಿಸುತ್ತಾ, ಫೋನಿನ ಮುಂದೆ ‘ನಾನು ಕ್ಯಾಮೆರಾ’, ‘ನಾನು ಸೌಂಡ್ ಕಾರ್ಡ್’ ಎಂದು ಹೇಳಿಕೊಂಡಿತ್ತು. 2025ರ ಫೆಬ್ರವರಿ 28ರಂದು ಆಮ್ನೆಸ್ಟಿ ಇದರ ವರದಿ ಹೊರತಂದಿತು. ಸರ್ಬಿಯಾದ ಸಂಬಂಧಪಟ್ಟ ಗ್ರಾಹಕರಿಗೆ ತನ್ನ ಉಪಕರಣ ಬಳಸಲು ಬಿಡುವುದಿಲ್ಲ ಎಂದು ಸೆಲೆಬ್ರೈಟ್ ಅದಕ್ಕೂ ಮೊದಲೇ ಪ್ರಕಟಿಸಿತ್ತು.

ಈ ಸುದ್ದಿಯನ್ನು ಬಹಳ ಜನ ರಾಜಕೀಯದ ಸುದ್ದಿಯಾಗಿ ಓದಿದರು. ಪುಣೆಯಲ್ಲಿ ಕೂತು ಹದಿನಾಲ್ಕು ವರ್ಷದಿಂದ ಲಿನಕ್ಸ್ ಡ್ರೈವರ್ ಬರೆಯುತ್ತಿರುವ ನನಗೆ ಅದು ನಮ್ಮ ಕಸುಬಿನ ಸುದ್ದಿ. (ಊರಿಗೆ ಹೋದಾಗ ‘ಡ್ರೈವರ್ ಕೆಲಸ’ ಅಂದರೆ ಈಗಲೂ ‘ಯಾವ ಗಾಡಿ?’ ಎನ್ನುತ್ತಾರೆ. ನಾನು ತಿದ್ದುವುದನ್ನು ಬಿಟ್ಟಿದ್ದೇನೆ.) ಆ ಫೋನಿನ ಬೀಗ ಒಡೆದದ್ದು ಪಾಸ್‌ವರ್ಡ್ ಊಹಿಸಿ ಅಲ್ಲ. ಕೆಲವೇ ಸಾಲುಗಳ ಕೋಡ್‌ನಲ್ಲಿ, ಬಫರ್‌ನ ಅಳತೆ ತಪ್ಪಿದ್ದರಿಂದ.

ಬಫರ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಹೊರಗಿನಿಂದ ಬರುವ ಮಾಹಿತಿಯನ್ನು ತುಂಬಿಕೊಳ್ಳಲು ಮೆಮೊರಿಯಲ್ಲಿ ಗೆರೆ ಎಳೆದು ಇಟ್ಟುಕೊಂಡ ಜಾಗ, ಅಷ್ಟೇ. ಕ್ಯಾಮೆರಾದಿಂದ ಚಿತ್ರ, ಮೈಕಿನಿಂದ ಧ್ವನಿ, ಕೀಬೋರ್ಡಿನಿಂದ ಅಕ್ಷರ, ಎಲ್ಲವೂ ಮೊದಲು ಬಂದು ಇಳಿಯುವುದು ಅಲ್ಲಿಗೆ. ಸಿ ಭಾಷೆಯಲ್ಲಿ ಈ ಜಾಗದ ಆರಂಭ ಎಲ್ಲಿ ಎಂಬುದನ್ನು ಪ್ರೋಗ್ರಾಮ್ ಹಿಡಿದುಕೊಂಡಿರುತ್ತದೆ. ಕೊನೆ ಎಲ್ಲಿ ಎಂಬುದನ್ನು ನೆನಪಿಟ್ಟುಕೊಳ್ಳುವ ಹೊಣೆ ಬರೆಯುವವನದು. ನೂರು ಬೈಟ್ ಜಾಗಕ್ಕೆ ನೂರ ಇಪ್ಪತ್ತು ಬೈಟ್ ಸುರಿದರೆ ಭಾಷೆ ತಡೆಯುವುದಿಲ್ಲ. ಉಳಿದ ಇಪ್ಪತ್ತು ಬೈಟ್ ಪಕ್ಕದ ಜಾಗದ ಮೇಲೆ ಬೀಳುತ್ತದೆ. ಪಕ್ಕದಲ್ಲಿ ಏನಿತ್ತೋ ಅದು ಅಳಿಸಿಹೋಗುತ್ತದೆ.

ಸಾಮಾನ್ಯ ಆ್ಯಪ್‌ನಲ್ಲಿ ಹೀಗಾದರೆ ಹೆಚ್ಚಿನ ಸಲ ಕೆಡುವುದು ಆ ಆ್ಯಪ್ ಒಂದೇ. ಡ್ರೈವರ್ ಇರುವುದು ಕರ್ನಲ್ ಒಳಗೆ. ಅದು ದೊಡ್ಡ ಅವಿಭಕ್ತ ಕುಟುಂಬದ ಮನೆಯಿದ್ದಂತೆ, ಕೋಣೆಗಳ ನಡುವೆ ಬಾಗಿಲಿಲ್ಲ. ಸೌಂಡ್ ಕಾರ್ಡಿನ ಕೋಡ್ ಎಡವಿದರೆ ಫೈಲ್ ಸಿಸ್ಟಂ ಕೆಡಬಹುದು, ಸ್ಕ್ರೀನ್ ಲಾಕ್ ಕೂಡ ಕೆಡಬಹುದು. ಯಾರಿಗೆ ಯಾವ ಅಧಿಕಾರ ಎಂದು ಬರೆದಿಟ್ಟ ಪಟ್ಟಿಯೂ ಅದೇ ಮನೆಯಲ್ಲಿದೆ.

ಈಗ ಆ ವೆಬ್‌ಕ್ಯಾಮ್ ಕತೆ. ಯುಎಸ್‌ಬಿ ಕ್ಯಾಮೆರಾ ಜೋಡಿಸಿದ ಕೂಡಲೇ ಅದು ತನ್ನ ಜಾತಕವನ್ನು ತಾನೇ ಒಪ್ಪಿಸುತ್ತದೆ. ನಾನು ಇಂತಿಂಥ ವಿಡಿಯೊ ಮಾದರಿ ಕೊಡಬಲ್ಲೆ, ಪ್ರತಿ ಮಾದರಿಯಲ್ಲಿ ಇಂತಿಂಥ ಅಳತೆಯ ಫ್ರೇಮ್‌ಗಳಿವೆ, ಹೀಗೆ. ಲಿನಕ್ಸ್‌ನ ವೆಬ್‌ಕ್ಯಾಮ್ ಡ್ರೈವರ್ ಈ ಪಟ್ಟಿಯನ್ನು ಎರಡು ಸಲ ಓದುತ್ತದೆ. ಮೊದಲ ಸಲ ಎಣಿಕೆಗೆ: ಎಷ್ಟು ಮಾದರಿ, ಎಷ್ಟು ಫ್ರೇಮ್ ಎಂದು ಲೆಕ್ಕ ಹಾಕಿ ಅಷ್ಟಕ್ಕೆ ಸರಿಯಾಗಿ ಜಾಗ ಕೇಳಿ ಪಡೆಯುತ್ತದೆ. ಎರಡನೆಯ ಸಲ ಆ ಜಾಗಕ್ಕೆ ವಿವರ ತುಂಬುತ್ತದೆ.

ಮದುವೆ ಮನೆಯ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಒಬ್ಬ ತಲೆ ಎಣಿಸಿ ಎಲೆ ಹಾಕುತ್ತಾ ಹೋಗುತ್ತಾನೆ, ಇನ್ನೊಬ್ಬ ಹಿಂದಿನಿಂದ ಬಡಿಸುತ್ತಾ ಬರುತ್ತಾನೆ. ಎಲೆ ಹಾಕುವವನು ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎಂದು ಗುರುತಿದ್ದವರನ್ನು ಮಾತ್ರ ಎಣಿಸಿದ. ಬಡಿಸುವವನು ಯಾವ ಕಡೆಗೂ ಸೇರದೆ ಕೂತವರಿಗೂ ಬಡಿಸಿದ. ಕೊನೆಯ ಎಲೆ ಮುಗಿದ ಮೇಲೂ ಸೌಟು ನಿಲ್ಲಲಿಲ್ಲ.

ಡ್ರೈವರ್‌ನಲ್ಲಿ ಆದದ್ದು ಇದೇ. ಎಣಿಸುವ ಭಾಗ ತನಗೆ ಗೊತ್ತಿದ್ದ ಬಗೆಯ ಫ್ರೇಮ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿತು. ತುಂಬುವ ಭಾಗ ‘ಈ ಫ್ರೇಮ್‌ನ ಬಗೆ ಮತ್ತು ನಾನು ಹುಡುಕುತ್ತಿರುವ ಬಗೆ ಒಂದೇ ತಾನೆ?’ ಎಂದು ಕೇಳಿಕೊಂಡಿತು. ಕೆಲವು ವಿಡಿಯೊ ಮಾದರಿಗಳಿಗೆ ಫ್ರೇಮ್ ವಿವರವೇ ಇರುವುದಿಲ್ಲ, ಆಗ ಹುಡುಕುವ ಬಗೆಯ ಜಾಗದಲ್ಲಿ ಸೊನ್ನೆ ಉಳಿದಿರುತ್ತದೆ. ವೇಷಧಾರಿ ಕ್ಯಾಮೆರಾ ‘ಬಗೆ ಸೊನ್ನೆ’ ಎಂಬ ಫ್ರೇಮ್‌ಗಳನ್ನು ಕಳಿಸಿತು. ಸೊನ್ನೆಗೂ ಸೊನ್ನೆಗೂ ತಾಳೆಯಾಯಿತು. ಎಣಿಕೆಗೆ ಬಾರದ ಫ್ರೇಮ್‌ಗಳು ಒಂದೊಂದಾಗಿ ಬಫರ್ ದಾಟಿ ಆಚೆ ಬಿದ್ದವು. ಅವುಗಳಲ್ಲಿ ಏನಿರಬೇಕು ಎಂದು ತೀರ್ಮಾನಿಸುವುದು ಕ್ಯಾಮೆರಾ ಕಳಿಸಿದವನ ಕೈಯಲ್ಲಿತ್ತು.

ಈ ದೋಷಕ್ಕೆ ಕೊಟ್ಟ ಸಂಖ್ಯೆ ಸಿವಿಇ-2024-53104. ತೇಪೆ ಹಾಕಿದ್ದು ಹೇಗೆ ಗೊತ್ತೆ? ಲೂಪ್‌ನ ಷರತ್ತಿಗೆ ಒಂದು ಪದ ಸೇರಿಸಿ. ಬಗೆ ಸೊನ್ನೆಯಾಗಿದ್ದರೆ ಒಳಗೆ ಹೋಗಬೇಡ, ಅಷ್ಟೇ. ಈ ಡ್ರೈವರ್ ಲಿನಕ್ಸ್‌ಗೆ ಸೇರಿದ್ದು 2008ರಲ್ಲಿ, 2.6.26ನೇ ಆವೃತ್ತಿಯಲ್ಲಿ. ಹದಿನಾರು ವರ್ಷ ಆ ಸಾಲು ಹಾಗೇ ಇತ್ತು. ಅಷ್ಟು ವರ್ಷವೂ ನಿಜವಾದ ಕ್ಯಾಮೆರಾಗಳು ಅದರ ಮೂಲಕ ಸರಾಗವಾಗಿ ಹಾದುಹೋದವು. ಯಾವ ಕ್ಯಾಮೆರಾ ಕಂಪನಿ ತಾನೇ ‘ಬಗೆ ಸೊನ್ನೆ’ ಎಂದು ಬರೆದುಕೊಳ್ಳುತ್ತದೆ? ಒಳ್ಳೆಯ ಸಾಧನಗಳನ್ನೇ ಜೋಡಿಸಿ ಪರೀಕ್ಷೆ ಮಾಡಿದರೆ ಇಂಥ ತಪ್ಪು ಜನ್ಮದಲ್ಲಿ ಸಿಕ್ಕುವುದಿಲ್ಲ.

ಎಣಿಸುವವನಿಗೂ ಬಡಿಸುವವನಿಗೂ ತಾಳೆಯಾಗದ ಇನ್ನೊಂದು ಪ್ರಕರಣವನ್ನು ನಾವೆಲ್ಲ ಕಂಡಿದ್ದೇವೆ. 2024ರ ಜುಲೈ 19ರಂದು ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಿಂದ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರಲ್ಲ, ಆ ದಿನ. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶವೂ ಕರ್ನಲ್ ಒಳಗೇ ಕೂರುವ ಡ್ರೈವರ್, ಸಾಧನದ್ದಲ್ಲ ಅಷ್ಟೇ. ಹೊಸದಾಗಿ ಬಂದ ಫೈಲ್ 21 ಅಂಕಣಗಳನ್ನು ನೋಡು ಎಂದಿತು, ಕೋಡ್ ಒದಗಿಸಿದ್ದು 20. ಇಪ್ಪತ್ತೊಂದನೆಯದನ್ನು ಓದಲು ಹೋಗಿ ಬಫರ್‌ನ ಆಚೆಗೆ ಕೈ ಹಾಕಿತು. ಅಂದಾಜು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ಅಲ್ಲಿ ಬರೆದದ್ದೂ ಅಲ್ಲ, ಬರೀ ಓದಿದ್ದು.

ಬೆಲ್‌ಗ್ರೇಡ್ ಫೋನಿನ ಎರಡನೆಯ ವೇಷ ನನಗೆ ಇನ್ನೂ ಹೆಚ್ಚು ಕುತೂಹಲದ್ದು. ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಎಕ್ಸ್‌ಟಿಜಿ ಎಂಬ ಸೌಂಡ್ ಕಾರ್ಡ್ ಎರಡು ದಶಕದ ಹಿಂದಿನದು. ಅದಕ್ಕೊಂದು ವಿಚಿತ್ರ ಸ್ವಭಾವ: ಜೋಡಿಸಿದಾಗ ಒಂದು ವಿಶೇಷ ಸಂದೇಶ ಕಳಿಸಿದರೆ ಮಾತ್ರ ಪೂರ್ತಿ ಎಚ್ಚರಗೊಂಡು, ತನ್ನ ಜಾತಕವನ್ನು ಹೊಸದಾಗಿ ಹೇಳುತ್ತದೆ. ಹಾಗಾಗಿ ಡ್ರೈವರ್ ಅದನ್ನು ಎರಡನೆಯ ಸಲ ಕೇಳಿ, ಬಂದ ಉತ್ತರವನ್ನು ಹಳೆಯ ದಾಖಲೆಯ ಮೇಲೆಯೇ ನೇರವಾಗಿ ಬರೆದುಬಿಡುತ್ತಿತ್ತು. ಆ ದಾಖಲೆಯಲ್ಲಿ ‘ನನ್ನ ಬಳಿ ಇಷ್ಟು ಸಂರಚನೆಗಳಿವೆ’ ಎಂಬ ಒಂದು ಅಂಕಿ ಇದೆ. ಮೊದಲ ಸಲ ಹೇಳಿದ ಅಂಕಿಗೆ ತಕ್ಕಂತೆ ಕರ್ನಲ್ ಆಗಲೇ ಜಾಗ ಮಾಡಿಟ್ಟಿದೆ. ಎರಡನೆಯ ಸಲ ಸಾಧನ ದೊಡ್ಡ ಅಂಕಿ ಹೇಳಿದರೆ? ಜಾಗ ಹಳೆಯದು, ಅಂಕಿ ಹೊಸದು. ಸಾಧನವನ್ನು ಕಿತ್ತಾಗ ಕರ್ನಲ್ ಶುಚಿಗೊಳಿಸಲು ಹೊರಡುತ್ತದೆ, ಹೊಸ ಅಂಕಿಯನ್ನು ನಂಬಿ ತನ್ನದಲ್ಲದ ಜಾಗವನ್ನೂ ತನ್ನದೆಂದು ತಿಳಿದು ಬಿಡುಗಡೆ ಮಾಡುತ್ತಾ ಹೋಗುತ್ತದೆ. ಅಳತೆಯನ್ನು ಎರಡು ಸಲ ಕೇಳಬಾರದು, ಕೇಳಿದರೆ ಎರಡನೆಯದನ್ನು ಮೊದಲಿನದರ ಪಕ್ಕ ಇಟ್ಟು ನೋಡದೆ ಬಳಸಬಾರದು ಎಂದು ನಾನು ಹೊಸಬರಿಗೆ ಹೇಳುವಾಗ ಈಗ ಇದೇ ಉದಾಹರಣೆ ಕೊಡುತ್ತೇನೆ.

ಸ್ವಾರಸ್ಯ ಇರುವುದು ಇದರ ತೇಪೆಯಲ್ಲಿ. ತಿದ್ದಿದವರು ಸರಿಯಾಗಿಯೇ ಯೋಚಿಸಿದರು: ಎರಡನೆಯ ಉತ್ತರವನ್ನು ಬೇರೆ ಬಫರ್‌ಗೆ ತೆಗೆದುಕೊಳ್ಳೋಣ, ಅಂಕಿ ಮೊದಲಿನದಕ್ಕಿಂತ ದೊಡ್ಡದಾಗಿದ್ದರೆ ಬಿಸಾಡೋಣ. ಆದರೆ ಆ ಬೇರೆ ಬಫರ್ ಅನ್ನು ಇಟ್ಟದ್ದು ಸ್ಟ್ಯಾಕ್ ಮೇಲೆ. ಸ್ವಲ್ಪದರಲ್ಲೇ ಇನ್ನೊಂದು ತೇಪೆ ಬಂತು: ಇಲ್ಲಿ ಸ್ಟ್ಯಾಕ್ ಬಳಸುವಂತಿಲ್ಲ, ಬೇರೆಯಾಗಿ ಮೆಮೊರಿ ಕೇಳಿ ಪಡೆಯಿರಿ. ಅಸುರಕ್ಷಿತ ಬಫರ್ ಒಂದನ್ನು ಮುಚ್ಚಲು ಹೋದ ಕೋಡ್‌ನಲ್ಲೇ ಇನ್ನೊಂದು ಬಗೆಯ ಅಸುರಕ್ಷಿತ ಬಫರ್ ನುಸುಳಿತ್ತು. ಇದರಲ್ಲಿ ನಗುವಂಥದ್ದೇನಿಲ್ಲ. ಕಸುಬು ಅಷ್ಟು ಸೂಕ್ಷ್ಮ.

ಸ್ಟ್ಯಾಕ್ ಯಾಕೆ ಬೇಡ? ಯುಎಸ್‌ಬಿ ನಿಯಂತ್ರಕದಂಥ ಹಾರ್ಡ್‌ವೇರ್ ಪ್ರೊಸೆಸರ್‌ನ ಕೈಗೆ ಕಾಯದೆ ಮೆಮೊರಿಗೆ ತಾನೇ ನೇರವಾಗಿ ಬರೆಯುತ್ತದೆ. ಇದಕ್ಕೆ ಡಿಎಂಎ ಎನ್ನುತ್ತಾರೆ. ಪ್ರೋಗ್ರಾಮ್‌ಗೆ ಕಾಣುವ ವಿಳಾಸ ಬೇರೆ, ಈ ಹಾರ್ಡ್‌ವೇರ್‌ಗೆ ಬೇಕಾದ ನಿಜವಾದ ವಿಳಾಸ ಬೇರೆ. ಮೊದಲೆಲ್ಲ ಸ್ಟ್ಯಾಕ್‌ನ ವಿಳಾಸವನ್ನು ಸರಳ ಲೆಕ್ಕದಿಂದ ನಿಜವಾದದ್ದಕ್ಕೆ ಬದಲಿಸಬಹುದಿತ್ತು, ಹಾಗಾಗಿ ನಿಯಮ ಮುರಿದ ಡ್ರೈವರ್‌ಗಳೂ ಪಿಸಿಯಲ್ಲಿ ಹೇಗೋ ನಡೆದುಬಿಡುತ್ತಿದ್ದವು. 2016ರ ಕೊನೆಯಲ್ಲಿ ಬಂದ ಲಿನಕ್ಸ್ 4.9ರಿಂದ ಪಿಸಿಗಳಲ್ಲಿ ಸ್ಟ್ಯಾಕ್ ಅನ್ನು ಬೇರೆ ರೀತಿಯ ಮೆಮೊರಿಯಲ್ಲಿ ಇಡುವ ಸೌಲಭ್ಯ ಬಂತು. ಹಳೆಯ ಸರಳ ಲೆಕ್ಕ ಅಲ್ಲಿ ತಪ್ಪು ವಿಳಾಸ ಕೊಡುತ್ತದೆ. ವರ್ಷಗಟ್ಟಲೆ ‘ಚೆನ್ನಾಗಿ ಓಡುತ್ತಿದ್ದ’ ಎಷ್ಟೋ ಯುಎಸ್‌ಬಿ ಡ್ರೈವರ್‌ಗಳ ಬಂಡವಾಳ ಆಗ ಬಯಲಾಯಿತು. ಈಗ ಯುಎಸ್‌ಬಿಯ ಮೂಲ ಕೋಡ್ ಅಂಥ ಬಫರ್ ಕಂಡರೆ ಎಚ್ಚರಿಕೆ ಮುದ್ರಿಸಿ ಕೆಲಸವನ್ನೇ ನಿರಾಕರಿಸುತ್ತದೆ.

ಇನ್ನೊಂದು ಕಾರಣ ಕ್ಯಾಶ್. ಪ್ರೊಸೆಸರ್ ಮೆಮೊರಿಯನ್ನು ಒಂದೊಂದೇ ಬೈಟ್ ಆಗಿ ತರುವುದಿಲ್ಲ, ಸಾಮಾನ್ಯವಾಗಿ 64 ಬೈಟ್‌ಗಳ ತುಂಡಾಗಿ ತಂದು ತನ್ನ ಬಳಿ ಪ್ರತಿ ಇಟ್ಟುಕೊಳ್ಳುತ್ತದೆ. ಒಂದೇ ತುಂಡಿನ ಅರ್ಧದಲ್ಲಿ ನಿಮ್ಮ ಬಫರ್, ಇನ್ನರ್ಧದಲ್ಲಿ ಬೇರೆ ಲೆಕ್ಕದ ಅಂಕಿ ಇದ್ದರೆ ಮುಗಿಯಿತು. ಸಾಧನ ಮೆಮೊರಿಗೆ ಬರೆದ ಮೇಲೆ ಪ್ರೊಸೆಸರ್ ತನ್ನ ಹಳೆಯ ಪ್ರತಿಯನ್ನು ವಾಪಸ್ ಇಟ್ಟರೆ ಸಾಧನ ಬರೆದದ್ದು ಮಾಯ, ಪ್ರತಿಯನ್ನು ಎಸೆದರೆ ಪಕ್ಕದ ಅಂಕಿಗೆ ಮಾಡಿದ್ದ ಬದಲಾವಣೆ ಮಾಯ. ನಮ್ಮ ಮೇಜಿನ ಮೇಲಿನ ಪಿಸಿಗಳಲ್ಲಿ ಹಾರ್ಡ್‌ವೇರೇ ಇದನ್ನು ಸರಿದೂಗಿಸುವುದರಿಂದ ಗೊತ್ತಾಗುವುದಿಲ್ಲ. ಕಾರಿನ ಪರದೆ, ರೂಟರ್‌ಗಳಂಥವುಗಳ ಎಷ್ಟೋ ಆರ್ಮ್ ಚಿಪ್‌ಗಳಲ್ಲಿ ಆ ಸೌಲಭ್ಯ ಇರುವುದಿಲ್ಲ. ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆಯಲ್ಲ’ ಎಂಬ ಮಾತು ನಮ್ಮ ಕಚೇರಿಯಲ್ಲಿ ಎಲ್ಲ ಭಾಷೆಗಳಲ್ಲೂ ಕೇಳಿಬರುತ್ತದೆ, ಕನ್ನಡದಲ್ಲೂ.

ಮೂರನೆಯ ದೋಷ ಟಚ್‌ಪ್ಯಾಡ್‌ನಂಥ ಸಾಧನಗಳ ಕೋಡ್‌ನದು, ಸಿವಿಇ-2024-50302. ಇಲ್ಲಿ ಬಫರ್ ಉಕ್ಕಲಿಲ್ಲ. ಹಿಂದೆ ಬೇರೆ ಯಾರೋ ಬಳಸಿ ಬಿಟ್ಟ ಮೆಮೊರಿಯನ್ನು ಒರೆಸದೆ ಬಫರ್ ಮಾಡಿಕೊಂಡಿದ್ದರಿಂದ ಅದರಲ್ಲಿದ್ದ ಹಳೆಯ ಅವಶೇಷಗಳು ಸಾಧನದ ಕೈಗೆ ಸಿಗುತ್ತಿದ್ದವು. ಆ ಅವಶೇಷಗಳಲ್ಲಿ ಕರ್ನಲ್‌ನ ವಿಳಾಸಗಳು ಇರಬಹುದು. ಪ್ರತಿ ಸಲ ಆನ್ ಆದಾಗಲೂ ಕರ್ನಲ್ ತಾನು ಕೂರುವ ಜಾಗ ಬದಲಿಸುತ್ತದೆ, ದಾಳಿಕೋರನಿಗೆ ಗುರಿ ಸಿಗದಿರಲಿ ಎಂದು. ಆ ಜಾಗದ ಸುಳಿವು ಹೀಗೆ ಸೋರುತ್ತದೆ. ಇದರ ತೇಪೆ ಒಂದೇ ಅಕ್ಷರದ್ದು. ಮೆಮೊರಿ ಕೇಳುವ ಕೆಮ್ಯಾಲಕ್ ಎಂಬ ಕರೆಯಲ್ಲಿನ ‘ಎಂ’ ತೆಗೆದು ‘ಝಡ್’ ಹಾಕಿದರೆ ಕರ್ನಲ್ ಆ ಜಾಗವನ್ನು ಸೊನ್ನೆಗಳಿಂದ ತೊಳೆದು ಕೊಡುತ್ತದೆ.

ಇದನ್ನೆಲ್ಲ ಓದಿ, ಬೇಹುಗಾರರು ಬೆನ್ನು ಹತ್ತಿದವರಿಗೆ ಮಾತ್ರ ಈ ಚಿಂತೆ ಎಂದುಕೊಳ್ಳಬೇಡಿ. ಸಾಧನ ಸುಳ್ಳು ಹೇಳಲು ದುರುದ್ದೇಶ ಬೇಕಾಗಿಲ್ಲ, ಸಡಿಲವಾದ ಒಂದು ತಂತಿ ಸಾಕು. ಕೆಲವು ವರ್ಷಗಳ ಹಿಂದೆ ಒಂದು ವಾಹನದ ಪರದೆಗಾಗಿ ಹೊರಗಿನ ಸರಬರಾಜುದಾರರಿಂದ ನಮಗೊಂದು ಡ್ರೈವರ್ ಬಂದಿತ್ತು, ಬ್ಯಾಟರಿಯ ಸ್ಥಿತಿ ಓದುವ ಸಣ್ಣ ಚಿಪ್‌ನದು. ಚಿಪ್ ಮೊದಲು ‘ಇಷ್ಟು ಬೈಟ್ ಕಳಿಸುತ್ತೇನೆ’ ಎನ್ನುತ್ತದೆ, ಆಮೇಲೆ ಅಷ್ಟು ಕಳಿಸುತ್ತದೆ. ಹೆಚ್ಚೆಂದರೆ 32 ಎಂದು ಕೈಪಿಡಿಯಲ್ಲಿತ್ತು, ಬಫರ್ ಕೂಡ 32 ಬೈಟ್‌ನದೇ. ಮೇಜಿನ ಮೇಲೆ ವಾರಗಟ್ಟಲೆ ಏನೂ ಆಗಲಿಲ್ಲ. ನಡುಗಿಸುವ ಯಂತ್ರದ ಮೇಲೆ ಇಟ್ಟಾಗ ಒಮ್ಮೊಮ್ಮೆ ಪರದೆಯಲ್ಲಿ ಗಡಿಯಾರ ತಪ್ಪುತ್ತಿತ್ತು, ಒಮ್ಮೊಮ್ಮೆ ಬ್ಲೂಟೂತ್ ಸಾಯುತ್ತಿತ್ತು.

ಬ್ಲೂಟೂತ್ ತಂಡದವರು ಹತ್ತು ದಿನ ತಮ್ಮ ಕೋಡ್ ಜಾಲಾಡಿದರು. ಮೆಮೊರಿ ಕೆಡುವ ರೋಗದ ಲಕ್ಷಣವೇ ಅದು, ಕನ್ನ ಬೀಳುವುದು ಒಂದು ಮನೆಗೆ, ಕೂಗು ಕೇಳುವುದು ಇನ್ನೊಂದು ಮನೆಯಿಂದ. ಕೊನೆಗೆ ಸಿಕ್ಕದ್ದು ಕನೆಕ್ಟರ್. ಚಿಪ್‌ಗೂ ಪ್ರೊಸೆಸರ್‌ಗೂ ಇರುವ ಆ ಎರಡೆಳೆಯ ತಂತಿಯಲ್ಲಿ, ಯಾರೂ ಮಾತಾಡದಿದ್ದರೆ ತಂತಿ ‘ಒಂದು’ ಎಂಬ ಸ್ಥಿತಿಯಲ್ಲಿ ನಿಲ್ಲುತ್ತದೆ. ಮಾತಿನ ನಡುವೆ ಸಂಪರ್ಕ ತಪ್ಪಿದರೆ ಎಂಟು ಬಿಟ್‌ಗಳೂ ಒಂದೇ ಆಗಿ ಓದಲ್ಪಡುತ್ತವೆ. ಅಂದರೆ 255. ಡ್ರೈವರ್ ಆ 255 ಅನ್ನು ಚಿಪ್ ಹೇಳಿದ ಅಳತೆ ಎಂದೇ ನಂಬಿ, 32ರ ಬಫರ್‌ಗೆ 255 ಬೈಟ್ ತುಂಬಿಸುತ್ತಿತ್ತು. ‘ಕೈಪಿಡಿಯಲ್ಲಿ 32 ಅಂತ ಇದೆಯಲ್ಲ ಸರ್’ ಎಂದ ಬೆಳಗಾವಿಯ ಹುಡುಗನಿಗೆ ನಮ್ಮ ಹಿರಿಯ ಸಹೋದ್ಯೋಗಿ ಕೊಟ್ಟ ಉತ್ತರ ಇನ್ನೂ ನೆನಪಿದೆ: ‘ಕೈಪಿಡಿ ಓದಿದ್ದು ನೀನು, ತಂತಿ ಓದಿಲ್ಲ.’ ಅಳತೆ 32ಕ್ಕಿಂತ ಹೆಚ್ಚಾದರೆ ಓದಬೇಡ, ತಪ್ಪು ಎಂದು ವರದಿ ಮಾಡು ಎಂಬ ಎರಡು ಸಾಲು ಸೇರಿಸಿದ ಮೇಲೆ ಗಡಿಯಾರವೂ ಸರಿಹೋಯಿತು. ಆ ಎರಡನೆಯ ಸಾಲೂ ಮುಖ್ಯ. ಕೆಲವರು ಅಳತೆಯನ್ನು ಸದ್ದಿಲ್ಲದೆ 32ಕ್ಕೆ ಇಳಿಸಿ ಮುಂದೆ ಹೋಗುತ್ತಾರೆ. ಆಗ ಮೆಮೊರಿ ಉಳಿಯುತ್ತದೆ, ಆದರೆ ಬ್ಯಾಟರಿಯ ಬಗ್ಗೆ ಕಸದಂಥ ಅಂಕಿಗಳನ್ನು ಚಾಲಕನಿಗೆ ತೋರಿಸಿದಂತಾಗುತ್ತದೆ.

ಹಾಗಾದರೆ ಇದನ್ನೆಲ್ಲ ಯಂತ್ರವೇ ಹಿಡಿಯಬಾರದೇ? ಸ್ವಲ್ಪಮಟ್ಟಿಗೆ ಹಿಡಿಯುತ್ತದೆ. 2015ರಿಂದ ಲಿನಕ್ಸ್‌ನಲ್ಲಿ ಕೆಎಸಾನ್ ಎಂಬ ಕಾವಲುಗಾರ ಇದ್ದಾನೆ. ಪರೀಕ್ಷೆಯ ಸಮಯದಲ್ಲಿ ಪ್ರತಿ ಬಫರ್‌ನ ಸುತ್ತ ಬೇಲಿ ಹಾಕಿ, ದಾಟಿದ ಕ್ಷಣದಲ್ಲೇ ಯಾವ ಸಾಲು ದಾಟಿತು ಎಂದು ಹೇಳುತ್ತಾನೆ. ಆದರೆ ಯಾರಾದರೂ ದಾಟಬೇಕಲ್ಲ! ಅದಕ್ಕೆ ಗೂಗಲ್‌ನ ಸಿಜ್‌ಕಾಲರ್ ಇದೆ, ಹುಚ್ಚುಹುಚ್ಚಾದ ಯುಎಸ್‌ಬಿ ಜಾತಕಗಳನ್ನು ತಾನೇ ತಯಾರಿಸಿ ಡ್ರೈವರ್‌ಗಳಿಗೆ ಉಣಿಸುತ್ತದೆ. 2017ರಲ್ಲಿ ಅದರ ಯುಎಸ್‌ಬಿ ಪರೀಕ್ಷೆ ಶುರುವಾದಾಗ ಡಜನ್‌ಗಟ್ಟಲೆ ತಪ್ಪು ಉದುರಿದವು. ಆದರೂ ವೆಬ್‌ಕ್ಯಾಮ್‌ನ ಆ ಸಾಲು 2024ರವರೆಗೆ ಬದುಕಿತ್ತು ಎಂಬುದನ್ನು ಮರೆಯಬಾರದು. ಬಫರ್ ಜೊತೆಗೇ ಅದರ ಎಣಿಕೆಯನ್ನು ಕಟ್ಟಿಹಾಕುವ ಗುರುತನ್ನು 2023ರಿಂದ ಕರ್ನಲ್ ಕೋಡ್‌ಗೆ ಸೇರಿಸುತ್ತಿದ್ದಾರೆ, ಕಂಪೈಲರ್ ಅದನ್ನು ನೋಡಿ ತಾನೇ ತಪಾಸಣೆ ಮಾಡುತ್ತದೆ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಉಪಯುಕ್ತ, ಯಾಕೆಂದರೆ ಎಲೆ ಹಾಕುವವನ ಲೆಕ್ಕ ಬಡಿಸುವವನ ಕೈಗೂ ಸಿಗುತ್ತದೆ.

ರಸ್ಟ್ ಭಾಷೆಯ ಮಾತು ಬರದೆ ಈಗ ಯಾವ ಚರ್ಚೆಯೂ ಮುಗಿಯುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 6.1ರಿಂದ ಅದಕ್ಕೂ ಜಾಗವಿದೆ. ಬಫರ್ ದಾಟಿ ಬರೆಯಲು ಹೊರಟರೆ ರಸ್ಟ್ ಅಲ್ಲೇ ನಿಲ್ಲಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಹೊಸ ಕೋಡ್ ಅನ್ನು ಇಂಥ ಭಾಷೆಗಳಲ್ಲಿ ಬರೆಯುತ್ತಾ ಹೋದ ಮೇಲೆ, ಭದ್ರತಾ ದೋಷಗಳಲ್ಲಿ ಮೆಮೊರಿಗೆ ಸಂಬಂಧಿಸಿದವುಗಳ ಪಾಲು 2019ರ 76 ಶೇಕಡದಿಂದ 2024ಕ್ಕೆ 24 ಶೇಕಡಕ್ಕೆ ಇಳಿಯಿತು ಎಂದು ಗೂಗಲ್ ಪ್ರಕಟಿಸಿದೆ. ದೊಡ್ಡ ಮಾತು. ಆದರೆ ಡಿಎಂಎ ಮೂಲಕ ಬರೆಯುವ ಹಾರ್ಡ್‌ವೇರ್‌ಗೆ ರಸ್ಟೂ ಗೊತ್ತಿಲ್ಲ, ಸಿ ಕೂಡ ಗೊತ್ತಿಲ್ಲ. ಅದು ತನಗೆ ಕೊಟ್ಟ ವಿಳಾಸಕ್ಕೆ ಬರೆಯುತ್ತದೆ. ಅದನ್ನು ತಡೆಯುವುದು ಐಒಎಂಎಂಯು ಎಂಬ ಹಾರ್ಡ್‌ವೇರ್ ಗೇಟು, ಖರ್ಚು ಉಳಿಸಲು ಅಗ್ಗದ ಬೋರ್ಡ್‌ಗಳಲ್ಲಿ ಮೊದಲು ಕೈಬಿಡುವ ಭಾಗಗಳಲ್ಲಿ ಅದೂ ಒಂದು. ಲಕ್ಷಗಟ್ಟಲೆ ಸಾಲುಗಳ ಹಳೆಯ ಸಿ ಡ್ರೈವರ್‌ಗಳು ನಾಳೆಯೇ ರಸ್ಟ್‌ಗೆ ಬದಲಾಗುವುದೂ ಇಲ್ಲ.

ಎಲ್ಲಕ್ಕಿಂತ ಅಗ್ಗದ ಉಪಾಯದ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತಾಡುವುದಿಲ್ಲ. ಲಾಕ್ ಆಗಿ ಕೂತ ಫೋನ್ ಒಂದು ಹಳೆಯ ಸೌಂಡ್ ಕಾರ್ಡ್ ಜೊತೆ ಮಾತಾಡಲು ಯಾಕೆ ಒಪ್ಪಬೇಕು? ಬೇಡದ ಡ್ರೈವರ್ ಅನ್ನು ಕರ್ನಲ್‌ನಲ್ಲಿ ಸೇರಿಸದಿದ್ದರೆ ಅದರ ಬಫರ್ ಉಕ್ಕುವ ಪ್ರಶ್ನೆಯೇ ಇಲ್ಲ. ನಮ್ಮಲ್ಲಿ ಹೊಸ ಉತ್ಪನ್ನ ಶುರುವಾದಾಗ ಕರ್ನಲ್‌ನ ಪಟ್ಟಿ ತೆಗೆದು ‘ಇದು ಯಾಕೆ, ಅದು ಯಾಕೆ’ ಎಂದು ಹೊಡೆದುಹಾಕುವುದಕ್ಕೆ ಒಂದು ವಾರ ಇಡುತ್ತೇವೆ. ಮ್ಯಾನೇಜರ್‌ಗಳಿಗೆ ಅದು ಹಾಳು ಸಮಯ. ನನಗೆ ಅದೇ ವರ್ಷದ ಒಳ್ಳೆಯ ವಾರ. ಐಫೋನ್ 2018ರಿಂದಲೇ, ಲಾಕ್ ಆಗಿ ಒಂದು ಗಂಟೆ ಕಳೆದರೆ ಯುಎಸ್‌ಬಿ ಸಾಧನಗಳ ಜೊತೆ ಮಾತು ನಿಲ್ಲಿಸುತ್ತದೆ.

ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಆಗಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ಮಾಹಿತಿಯ ಭಾಗದಲ್ಲಿ ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್ ಎಂಬಲ್ಲಿ ದಿನಾಂಕ ನೋಡಿ. ವೆಬ್‌ಕ್ಯಾಮ್‌ನ ತೇಪೆ 2025ರ ಫೆಬ್ರವರಿಯ ಕಂತಿನಲ್ಲಿ ಬಂತು, ಟಚ್‌ಪ್ಯಾಡ್‌ನದು ಮಾರ್ಚ್‌ನಲ್ಲಿ, ಸೌಂಡ್ ಕಾರ್ಡ್‌ನದು ಏಪ್ರಿಲ್‌ನಲ್ಲಿ. 2025ರ ಏಪ್ರಿಲ್ 5 ಅಥವಾ ಅದರ ನಂತರದ ದಿನಾಂಕವಿದ್ದರೆ ಈ ಮೂರೂ ಕಿಂಡಿ ಮುಚ್ಚಿವೆ. ಅಪ್ಪ ಅಮ್ಮನಿಗೆ ನಾವು ದಾಟಿಸಿದ ಹಳೆಯ ಫೋನ್‌ಗಳ ದಿನಾಂಕವನ್ನೂ ಮುಂದಿನ ಸಲ ಊರಿಗೆ ಹೋದಾಗ ನೋಡಿ. ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದರೆ ಆ ಫೋನ್‌ನಲ್ಲಿ ಬ್ಯಾಂಕಿನ ಆ್ಯಪ್ ಇರುವುದು ಬೇಡ.